ಸೌತೆಬಳ್ಳಿಗೆ ಸೋಡಾ ಗ್ಯಾಸು

ಸೋಡಾ ಅಂಗಡಿ ಇಟ್ಟವನ ಹತ್ತಿರ ನೆಟ್ಟಗಿರುವವರು ಯಾರೂ ಬರುವುದಿಲ್ಲ. ಹೊಟ್ಟೆ ಉಬ್ಬರಿಸಿದವರು, ಬಿಸಿಲಿಗೆ ತಲೆ ತಿರುಗಿದವರು, ಬೀಗರ ಊಟ ಮುಗಿಸಿ ನಡೆಯಲಾರದವರು, ಮನೆಯಲ್ಲಿ ಜಗಳ ಆಡಿ ಎಲ್ಲಿಗೆ ಹೋಗಬೇಕೆಂದು ತಿಳಿಯದವರು, ಇಂಥವರೇ ಬಂದು ಕಟ್ಟೆಯ ಮೇಲೆ ಕೂರುತ್ತಾರೆ. ಹಾಗಾಗಿ ನಗುವ ಸಂಗತಿಯನ್ನು ನಾನು ಹುಡುಕಿಕೊಂಡು ಹೋಗಬೇಕಾಗಿರಲಿಲ್ಲ, ಅದೇ ಬಂದು ಒಂದು ಗೋಲಿ ಸೋಡಾ ಕೊಡಿ ಅನ್ನುತ್ತಿತ್ತು. ಆದರೆ ಅರವತ್ತರ ದಶಕದಲ್ಲಿ ನಮ್ಮ ಮೇಷ್ಟ್ರೊಬ್ಬರು ಗಿಡ ಬೆಳೆಸಲು ಹೊರಟಾಗ ಆದ ಫಜೀತಿಗಳ ಮುಂದೆ ಉಳಿದವೆಲ್ಲ ಗ್ಯಾಸು ಹೋದ ಸೋಡಾ.

೧. ಅಷ್ಟೊಂದು ಅಜೀರ್ಣ

ಶಿವಮೊಗ್ಗದ ಬಜಾರಿನ ಹಿಂದಿನ ಬೀದಿಯಲ್ಲಿ ನನ್ನ ಅಂಗಡಿ. ಮೇಷ್ಟ್ರು ಕಾಲೇಜಿನಲ್ಲಿ ಗಿಡಮರಗಳ ಪಾಠ ಹೇಳಿ ಆಗಷ್ಟೇ ರಿಟೈರಾಗಿದ್ದವರು. ಮನೆ ಹೊಸಮನೆ ಬಡಾವಣೆಯಲ್ಲಿ. ಒಂದು ಬೆಳಿಗ್ಗೆ ಬಂದು ಕಟ್ಟೆಯ ಮುಂದೆ ನಿಂತರು.

"ಸಾಬ್ರೇ, ಗ್ಯಾಸ್ ವಿಷಯ."

ಅಭ್ಯಾಸ ನೋಡಿ, ನನ್ನ ಕೈ ತಾನಾಗಿ ನಿಂಬೆಹಣ್ಣಿನ ಕಡೆ ಹೋಯಿತು. "ಬಹಳ ತುಂಬ್ಕೊಂಡಿದೆಯಾ ಸಾರ್?"

"ತುಂಬ್ಕೊಂಡಿಲ್ಲ, ತುಂಬಬೇಕು. ರೂಮಿಗೆ."

"ರೂಮಿಗೆ ಏನಾಗಿದೆ?"

"ರೂಮಿಗೆ ಏನೂ ಆಗಿಲ್ಲ. ರೂಮಲ್ಲಿ ಸೌತೆಬಳ್ಳಿ ಹಾಕ್ತಿದೀನಿ. ಅದಕ್ಕೆ ಗ್ಯಾಸ್ ಬೇಕು."

ನಾನು ನಿಂಬೆಹಣ್ಣನ್ನು ಕೆಳಗಿಟ್ಟೆ. ಮೇಷ್ಟ್ರು ಕಟ್ಟೆಯ ಮೇಲೆ ಕೂತು ಪಾಠ ಶುರು ಮಾಡಿದರು. ಗಿಡ ನೀರು ಕುಡಿಯೋದು ಬೇರಿನಿಂದ, ಊಟ ಮಾಡೋದು ಎಲೆಯಿಂದ. ಬೆಳಕಿರುವಾಗ ಎಲೆ ಗಾಳಿಯಿಂದ ತನ್ನ ಊಟ ತೆಗೆದುಕೊಳ್ಳುತ್ತದೆ. ನಾವು ಹೊರಗೆ ಬಿಡುವ ಉಸಿರು, ಸೋಡಾ ಒಡೆದಾಗ ಚುಯ್ ಅನ್ನುವ ಗಾಳಿ, ಎರಡೂ ಒಂದೇ, ಅದೇ ಅದರ ಊಟ. ಪರದೇಶದಲ್ಲಿ ಗಾಜಿನ ಮನೆ ಕಟ್ಟಿ ಒಳಗೆ ಈ ಗ್ಯಾಸ್ ಬಿಡುತ್ತಾರಂತೆ, ಬಳ್ಳಿ ಬೇಗ ಬೇಗ ಬೆಳೆಯುತ್ತದಂತೆ.

"ಸೌತೆ ಹಿತ್ತಿಲಲ್ಲೇ ಬರುತ್ತಲ್ಲ ಸಾರ್? ಬೀಜ ಬಿಸಾಕಿದ್ರೂ ಬರುತ್ತೆ."

"ಹಿತ್ತಿಲು ಅವಳಿಗೆ ಕಾಣಲ್ಲ ಸಾಬ್ರೇ."

ಅವಳು ಅಂದರೆ ಅವರ ಮನೆಯವರು. ಹುಡುಗಿಯರ ಸ್ಕೂಲಿನಲ್ಲಿ ಟೀಚರಾಗಿದ್ದವರು. ಹೊಸಮನೆಯಲ್ಲಿ ಎಲ್ಲರೂ ಟೀಚರಮ್ಮ ಅಂತಲೇ ಕರೆಯುತ್ತಿದ್ದರು. ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದು ಮಲಗಿದವರು ಮತ್ತೆ ಎದ್ದಿರಲಿಲ್ಲ. ಮೂಳೆ ಕೂಡಿದೆ, ಇನ್ನು ಎದ್ದು ಓಡಾಡಬಹುದು ಎಂದು ಡಾಕ್ಟರು ಹೇಳಿ ತಿಂಗಳುಗಳೇ ಕಳೆದಿದ್ದವು. ಆದರೆ ಅವರಿಗೆ ಏಳುವ ಮನಸ್ಸೇ ಇರಲಿಲ್ಲ. ಹಿತ್ತಿಲಲ್ಲಿ ಅವರು ಹಾಕಿದ್ದ ಬೆಂಡೆ, ಬದನೆ, ಸೌತೆ ಎಲ್ಲ ಒಣಗಿ ಹೋಗಿದ್ದವು. ಏನು ಕೇಳಿದರೂ ಹೂಂ ಅಥವಾ ಊಹೂಂ. ಮುಖ ಗೋಡೆಯ ಕಡೆಗೆ.

"ಅವಳ ಮಂಚದ ಪಕ್ಕದಲ್ಲೇ ಉಗ್ರಾಣ ಇದೆ. ಅದರಲ್ಲಿ ಬಳ್ಳಿ ಹಬ್ಬಿಸ್ತೀನಿ. ಬೆಳಿಗ್ಗೆ ಕಣ್ಣು ಬಿಟ್ಟರೆ ನಿನ್ನೆಗಿಂತ ಇವತ್ತು ಮುಂದೆ ಹೋಗಿರೋದು ಅವಳಿಗೆ ಕಾಣಬೇಕು. ಆಗ ನಾಳೇನೂ ನೋಡಬೇಕು ಅನ್ಸುತ್ತೆ. ಸುಮ್ಮನೆ ನಿಧಾನಕ್ಕೆ ಬೆಳೆದ್ರೆ ಅಷ್ಟರಲ್ಲಿ ಅವಳು ಬೇಜಾರಾಗಿ ಗೋಡೆ ಕಡೆ ತಿರುಗಿಬಿಡ್ತಾಳೆ."

ಇಷ್ಟು ಕೇಳಿದ ಮೇಲೆ ಇಲ್ಲ ಅನ್ನಲು ನನಗೆ ಬಾಯಿ ಬರಲಿಲ್ಲ. ಆವತ್ತೇ ಒಂದು ದೊಡ್ಡ ಸಿಲಿಂಡರನ್ನು ಕೈಗಾಡಿಯ ಮೇಲೆ ಮಲಗಿಸಿ ಹೊಸಮನೆಗೆ ತಳ್ಳಿಕೊಂಡು ಹೊರಟೆ. ದಾರಿಯಲ್ಲಿ ಹೋಟೆಲಿನ ಭಟ್ಟರು ಅಡ್ಡ ಬಂದರು.

"ಎಲ್ಲಿಗೆ ಸಾಬ್ರೇ ಇಡೀ ಸಿಲಿಂಡರು?"

"ಮೇಷ್ಟ್ರ ಮನೆಗೆ."

ಭಟ್ಟರು ಬಾಯಿ ಮೇಲೆ ಕೈ ಇಟ್ಟುಕೊಂಡರು. "ಅಯ್ಯೋ ಶಿವನೇ! ಅಷ್ಟೊಂದು ಅಜೀರ್ಣವೇ!"

೨. ಬಾಟ್ಲಿ

ಆ ಉಗ್ರಾಣವನ್ನು ನೀವು ನೋಡಬೇಕಿತ್ತು. ಮಾಡಿನ ಹಂಚು ತೆಗೆಸಿ ಅರ್ಧಕ್ಕರ್ಧ ಗಾಜಿನ ಹಂಚು ಹಾಕಿಸಿದ್ದರು. ಮೋಡ ಕವಿದ ದಿನಕ್ಕೆಂದು ಟ್ಯೂಬ್‌ಲೈಟುಗಳನ್ನು ಹಗ್ಗದಲ್ಲಿ ಕೆಳಗೆ ಇಳಿಬಿಟ್ಟಿದ್ದರು. ಕಿಟಕಿ, ಬಾಗಿಲುಗಳ ಸಂದಿಗೆಲ್ಲ ಹಳೆಯ ಪೇಪರು, ಮೈದಾ ಅಂಟು. ಉಗ್ರಾಣಕ್ಕೂ ಟೀಚರಮ್ಮನ ಕೋಣೆಗೂ ನಡುವೆ ಇದ್ದ ಬಾಗಿಲನ್ನು ಕಿತ್ತು, ಆ ಜಾಗಕ್ಕೆ ಕೆಳಗಿನಿಂದ ಮೇಲಿನವರೆಗೂ ಗಾಜು ಕೂರಿಸಿದ್ದರು. ಮಂಚದಲ್ಲಿ ಮಲಗಿದ್ದವರಿಗೆ ಇಡೀ ತೋಟ ಕಾಣುತ್ತಿತ್ತು. ತೋಟ ಅಂದರೆ ಸೀಮೆಎಣ್ಣೆ ಡಬ್ಬಗಳಲ್ಲಿ ಮಣ್ಣು, ಮಣ್ಣಿನಲ್ಲಿ ಬೀಜ. ಅಷ್ಟೇ.

ಸೋಡಾದಲ್ಲಿ ಸ್ನೇಹಿತನಾದ ಈ ಗ್ಯಾಸು ಮುಚ್ಚಿದ ಕೋಣೆಯಲ್ಲಿ ಶತ್ರು. ಅದಕ್ಕೇ ನಾನು ಕಟ್ಟುನಿಟ್ಟು ಮಾಡಿದ್ದೆ. ಬೆಳಕು ಬಂದ ಮೇಲೆ ಸ್ವಲ್ಪವೇ ಬಿಡಬೇಕು, ವಾಲ್ವು ನಾನೇ ತಿರುಗಿಸಬೇಕು, ನಡುಮನೆಯ ಕಡೆಯ ಬಾಗಿಲು ತೆಗೆದು ಗಾಳಿಯಾಡಿದ ಮೇಲೇ ಒಳಗೆ ಕಾಲಿಡಬೇಕು. ಇದಕ್ಕಾಗಿ ದಿನಾ ಬೆಳಿಗ್ಗೆ ಅಂಗಡಿ ತೆಗೆಯುವ ಮುಂಚೆ ನಾನು ಹೊಸಮನೆಗೆ ಹೋಗಬೇಕಾಯಿತು.

ನನ್ನ ಹೆಂಡತಿಗೆ ಅನುಮಾನ ಬಂತು. "ರೋಜ್ ರೋಜ್ ಕಾಂ ಜಾರೇ ಜೀ?" ದಿನಾ ದಿನಾ ಎಲ್ಲಿಗೆ ಹೋಗ್ತೀರಿ ಅಂತ ಕೇಳಿದಳು.

"ಸೌತೆಬಳ್ಳಿಗೆ ಊಟ ಹಾಕೋಕೆ" ಅಂದೆ.

ಅವಳು ನನ್ನ ಹಣೆ ಮುಟ್ಟಿ ನೋಡಿದಳು. ಜ್ವರ ಇರಲಿಲ್ಲ. ಮಾರನೆಯ ದಿನ ಬುರ್ಖಾ ಹಾಕಿಕೊಂಡು, ಒಂದಿಷ್ಟು ಖರ್ಜೂರ ಕಟ್ಟಿಕೊಂಡು ನನ್ನ ಜೊತೆಗೇ ಹೊರಟಳು.

ಮೇಷ್ಟ್ರ ಮನೆಯಲ್ಲಿ ಅವಳು ಟೀಚರಮ್ಮನ ಮಂಚದ ಪಕ್ಕ ಕೂತು ತನ್ನ ಅರ್ಧ ಕನ್ನಡ ಅರ್ಧ ದಖನಿಯಲ್ಲಿ ಏನೇನೋ ಮಾತಾಡಿದಳು. ಟೀಚರಮ್ಮ ಹೂಂ ಅನ್ನುತ್ತಿದ್ದರು. ಅಷ್ಟರಲ್ಲಿ ಒಂದು ಡಬ್ಬದ ಕಡೆ ಅವರ ಕಣ್ಣು ಹೋಯಿತು. ಮಣ್ಣು ಸೀಳಿಕೊಂಡು ಎರಡೆಲೆ ತಲೆ ಎತ್ತಿತ್ತು. "ಬಂತು" ಅಂದರು ಮೆಲ್ಲಗೆ. ಮೇಷ್ಟ್ರು ಎರಡು ಹೆಜ್ಜೆ ಹೊರಗೆ ಹೋಗಿ ಕಣ್ಣೊರೆಸಿಕೊಂಡು ಬಂದರು. ಎಷ್ಟೋ ದಿನದ ಮೇಲೆ ಅವರು ಕೇಳಿದ ಹೊಸ ಮಾತು ಅದು.

ವಾಪಸು ಬರುವಾಗ ನನ್ನ ಹೆಂಡತಿ ಮನೆ ಹತ್ತಿರ ಬಂದಾಗ ಕೇಳಿದಳು, "ಮೇಷ್ಟ್ರು ಹೆಂಡತಿಗೋಸ್ಕರ ಗೋಡೆಗೆ ಗಾಜು ಹಾಕ್ಸಿದಾರೆ, ಮಾಡಿಗೆ ಗಾಜು ಹಾಕ್ಸಿದಾರೆ. ನೀವು ನನಗೆ ಏನು ಮಾಡಿದೀರಿ?"

"ಯಾಕೆ? ಕೇಳಿದಾಗಲೆಲ್ಲ ಪನ್ನೀರು ಸೋಡಾ ಕೊಡ್ತೀನಲ್ಲ."

"ಕೊಡ್ತೀರಿ," ಅಂದಳು. "ಕುಡಿದು ಮುಗಿಸೋ ತನಕ ಎದುರಿಗೇ ನಿಂತಿದ್ದು ಬಾಟ್ಲಿ ಕಿತ್ಕೊಂಡು ಹೋಗ್ತೀರಿ!"

೩. ರಾಯರ ಉಸಿರು

ಬಳ್ಳಿ ದಾರ ಹಿಡಿದು ಏರತೊಡಗಿತ್ತು. ಆಗ ಗ್ಯಾಸು ಮುಗಿಯಿತು. ಬೆಂಗಳೂರಿನಿಂದ ಬರಬೇಕಾದ ಲಾರಿ ಬರಲಿಲ್ಲ. ನನ್ನ ಅಂಗಡಿಗೇ ಬಾಗಿಲು ಹಾಕುವ ಹಾಗಾಯಿತು.

ಮೇಷ್ಟ್ರು ಕೈಕಟ್ಟಿ ಕೂರುವವರಲ್ಲ. "ಗ್ಯಾಸಿಲ್ಲದಿದ್ರೆ ಉಸಿರು ಇದೆಯಲ್ಲ ಸಾಬ್ರೇ" ಅಂದವರೇ ಎದುರುಮನೆಯ ರಾಯರನ್ನು ಕರೆಸಿದರು.

ರಾಯರು ಅಮಲ್ದಾರರ ಕಚೇರಿಯಲ್ಲಿದ್ದು ರಿಟೈರಾದವರು. ಬಹಳ ಒಳ್ಳೆಯವರು. ಆದರೆ ಮಾತು ಶುರು ಮಾಡಿದರೆ ಅದಕ್ಕೆ ಬ್ರೇಕಿರಲಿಲ್ಲ. ಅವರು ಬೀದಿಯ ಆ ತುದಿಯಲ್ಲಿ ಕಂಡರೆ ಈ ತುದಿಯಲ್ಲಿ ಬಾಗಿಲುಗಳು ಮುಚ್ಚಿಕೊಳ್ಳುತ್ತಿದ್ದವು. ಕ್ಷೌರದವನು ಮಾತ್ರ ಓಡಿಹೋಗಲಾರದೆ ಸಿಕ್ಕಿಬೀಳುತ್ತಿದ್ದ. ಅಂಥವರಿಗೆ ಮೇಷ್ಟ್ರು ಕೈಮುಗಿದು, "ರಾಯರೇ, ನಿಮ್ಮ ಅನುಭವದ ಮಾತು ದಿನಾ ಬೆಳಿಗ್ಗೆ ಕೇಳಬೇಕು ಅಂತ ಆಸೆ. ಈ ಉಗ್ರಾಣದಲ್ಲಿ ಕೂತು ಹೇಳಿ. ನಾವು ಗಾಜಿನ ಈಚೆ ಕೂತು ಕೇಳ್ತೀವಿ" ಅಂದರು.

ರಾಯರಿಗೆ ಕಣ್ಣಲ್ಲಿ ನೀರೇ ಬಂತು. ಡಬ್ಬಗಳ ನಡುವೆ ಕುರ್ಚಿ ಹಾಕಿಸಿಕೊಂಡು ಕೂತರು. ಬಾಗಿಲು ಮುಚ್ಚಿದೆವು. ಗಾಜಿನ ಈಚೆಗೆ ಒಂದಕ್ಷರ ಸರಿಯಾಗಿ ಕೇಳುತ್ತಿರಲಿಲ್ಲ. ರಾಯರ ಕೈ ಆಡುತ್ತಿತ್ತು, ಹುಬ್ಬು ಏರುತ್ತಿತ್ತು, ಒಮ್ಮೆ ಎದ್ದು ನಿಂತು ಯಾವುದೋ ಹಳೆಯ ಸಾಹೇಬರಿಗೆ ಸಲಾಮು ಹೊಡೆದು ತೋರಿಸಿದರು. ಈಚೆ ಮೇಷ್ಟ್ರು ಶ್ರದ್ಧೆಯಿಂದ ತಲೆದೂಗುತ್ತಿದ್ದರು. ಟೀಚರಮ್ಮ ಸೆರಗಿನ ಚುಂಗನ್ನು ಬಾಯಿಗೆ ಒತ್ತಿಕೊಂಡಿದ್ದನ್ನು ನಾನು ಕಂಡೆ. ಅಳುವೋ ನಗುವೋ ತಿಳಿಯಲಿಲ್ಲ, ಆದರೆ ಮುಖವಂತೂ ಗೋಡೆಯ ಕಡೆಗಿರಲಿಲ್ಲ.

ಹೀಗೇ ನಡೆಯಿತು. ಬಳ್ಳಿ ಏನೂ ಸೊರಗಲಿಲ್ಲ. ಆದರೆ ಗುಟ್ಟು ಎಷ್ಟು ದಿನ ನಿಂತೀತು? ಹಾಲಿನವಳು ಹೋಗಿ ರಾಯರಿಗೆ ಎಲ್ಲವನ್ನೂ ಹೇಳಿಬಿಟ್ಟಳು. ರಾಯರು ಸೀದಾ ನನ್ನ ಕಟ್ಟೆಗೆ ಬಂದು ಕೂತರು. ಮಾತೇ ಇಲ್ಲ. ರಾಯರು ಮಾತಾಡದೆ ಕೂತಿದ್ದನ್ನು ಊರಿನಲ್ಲಿ ಯಾರೂ ಕಂಡಿರಲಿಲ್ಲ.

"ಸಾಬ್ರೇ, ಮೇಷ್ಟ್ರು ನನ್ನ ಕೂರಿಸಿದ್ದು ಮಾತಿಗಲ್ಲವಂತೆ. ಉಸಿರಿಗಂತೆ. ನಿಜವಾ?"

ಸುಳ್ಳು ಹೇಳಲಾಗಲಿಲ್ಲ. "ನಿಜ ರಾಯರೇ."

"ಬಳ್ಳಿ ಬೆಳೀತಾ?"

"ಬೆಳೀತು. ಗಾಜಿನ ಅರ್ಧದವರೆಗೂ ಬಂದಿದೆ."

ರಾಯರು ಎದ್ದು ನನ್ನ ಎರಡೂ ಕೈ ಹಿಡಿದುಕೊಂಡರು. "ಹಾಗಾದ್ರೆ ದಯವಿಟ್ಟು ನಮ್ಮನೆ ತನಕ ಬಂದು ಇಷ್ಟು ಮಾತು ನನ್ನ ಹೆಂಡತಿ ಎದುರಿಗೆ ಹೇಳಿ ಮಾರಾಯ್ರೇ! ನನ್ನ ಬಾಯಿಂದ ಯಾವ ಪ್ರಯೋಜನವೂ ಇಲ್ಲ ಅಂತ ಮದುವೆ ಆದಾಗಿಂದ ಹೇಳ್ತಾ ಇದಾಳೆ!"

೪. ಬಸ್ಸಿನಲ್ಲಿ ರೋಗಿ

ಎಷ್ಟಾದರೂ ಮನುಷ್ಯನ ಉಸಿರು. ಅದೂ ರಾಯರಿಗೆ ನೆಗಡಿಯಾಗಿ ಗಂಟಲು ಕಟ್ಟಿತು. ಭದ್ರಾವತಿಯಲ್ಲಿ ಕಾರ್ಖಾನೆಯ ಕ್ವಾರ್ಟರ್ಸಿನ ಹತ್ತಿರ ನನ್ನ ಗುರುತಿನ ತಮಿಳಿನವರೊಬ್ಬರ ಸೋಡಾ ಅಂಗಡಿ ಇತ್ತು. ಮೇಷ್ಟ್ರನ್ನು ಕರೆದುಕೊಂಡು ಅಲ್ಲಿಗೆ ಹೋದೆ. ಅವರು "ವಾಂಗ, ವಾಂಗ" ಎಂದು ಕೂರಿಸಿ, ನಮಗೆ ಬೇಡ ಬೇಡವೆಂದರೂ ತಲಾ ಒಂದು ಕಲರ್ ಸೋಡಾ ಕುಡಿಸಿ, ಒಂದು ಸಣ್ಣ ಸಿಲಿಂಡರು ಕೊಟ್ಟರು. ದಾರಿಯಲ್ಲಿ ತಾಕಿ ಪೆಟ್ಟಾಗಬಾರದು ಎಂದು ಹಳೆಯ ಕಂಬಳಿ ಸುತ್ತಿದರು. ಮೇಲಿನ ವಾಲ್ವಿಗೆ ಮೇಷ್ಟ್ರು ತಮ್ಮ ಟವಲನ್ನೇ ಕಟ್ಟಿದರು.

ಬಸ್ಸಿನ ಟಾಪಿನ ಮೇಲೆ ಹಾಕು ಎಂದ ಕಂಡಕ್ಟರು. ಬಿಸಿಲಿಗೆ ಇಡಬಾರದು ಎಂದು ನಾನು ಗೋಗರೆದು, ಕಿಟಕಿಯ ಪಕ್ಕದ ಸೀಟಿನಲ್ಲಿ ನಿಲ್ಲಿಸಿದೆ. ಬೀಳದ ಹಾಗೆ ಮೇಷ್ಟ್ರು ತೋಳು ಬಳಸಿ ಹಿಡಿದುಕೊಂಡರು. ನಾನು ಹಿಂದಿನ ಸೀಟಿನಲ್ಲಿ.

ನಿದಿಗೆಯಲ್ಲಿ ರುಮಾಲು ಸುತ್ತಿದ ಯಜಮಾನರೊಬ್ಬರು ಹತ್ತಿದರು. ಬಸ್ಸು ತುಂಬಿತ್ತು, ಅವರು ಮೇಷ್ಟ್ರ ಪಕ್ಕ ಕಂಬಿ ಹಿಡಿದು ನಿಂತರು. ಕಂಬಳಿ ಹೊದ್ದು, ತಲೆಗೆ ಟವಲು ಕಟ್ಟಿಕೊಂಡು, ಮೇಷ್ಟ್ರ ಭುಜಕ್ಕೆ ಒರಗಿದ್ದ ಆಕೃತಿಯನ್ನು ಕನಿಕರದಿಂದ ನೋಡಿದರು.

"ಪಾಪ, ಹುಷಾರಿಲ್ವಾ?"

ಮೇಷ್ಟ್ರಿಗೆ ಕಿವಿ ಸ್ವಲ್ಪ ದೂರ, ಮೇಲಾಗಿ ಬಸ್ಸಿನ ಸದ್ದು. ಒಳಗೇನಿದೆ ಎಂದು ಕೇಳಿದರು ಅಂದುಕೊಂಡರು. "ಗ್ಯಾಸು. ಒಳಗೆಲ್ಲ ಗ್ಯಾಸು ತುಂಬಿದೆ."

"ಓಮದ ಕಷಾಯ ಕುಡಿಸಬೇಕಿತ್ತು."

"ಭದ್ರಾವತೀಲಿ ತುಂಬಿಸ್ಕೊಂಡು ಬಂದ್ವಿ."

"ಆ ಊರಿನ ನೀರೇ ಹಂಗೆ" ಎಂದು ಯಜಮಾನರು, ಜ್ವರ ಇದೆಯೋ ನೋಡೋಣ ಎಂದು ಕಂಬಳಿಯೊಳಗೆ ಕೈ ಹಾಕಿದರು. ಕೈ ಸರಕ್ಕನೆ ಹೊರಗೆ ಬಂತು. ಅವರ ಮುಖ ಬಿಳಚಿಕೊಂಡಿತು.

"ಡ್ರೈವರಪ್ಪಾ, ನಿಲ್ಸು! ಮೈಯೆಲ್ಲ ತಣ್ಣಗಾಗಿಬಿಟ್ಟಿದೆ!"

ಬಸ್ಸು ನಿಂತಿತು. ಗಂಡಸರು ರುಮಾಲು ತೆಗೆದರು. ಹಿಂದಿನ ಸೀಟಿನ ಹೆಂಗಸೊಬ್ಬರು ಸಣ್ಣಗೆ ಅಳಲು ಶುರು ಮಾಡಿದರು. ಕಂಡಕ್ಟರು ಬಂದು ಮೇಷ್ಟ್ರ ಬೆನ್ನು ಸವರಿ, "ಧೈರ್ಯ ತಗೊಳ್ಳಿ ಸಾರ್. ನಿಮಗೇನಾಗಬೇಕು?" ಅಂದ. ಮೇಷ್ಟ್ರಿಗೆ ಏನೂ ಅರ್ಥವಾಗದೆ, "ನಮ್ಮನೆಯವಳಿಗೆ ಅಂತ ಮನೆಗೆ ಸೇರಿಸಬೇಕಿತ್ತು" ಅಂದರು. ಅಳುತ್ತಿದ್ದ ಹೆಂಗಸು ಜೋರಾಗಿ ಅತ್ತರು.

ನಾನು ಎಷ್ಟು ಕೂಗಿ ಹೇಳಿದರೂ ಆ ಗದ್ದಲದಲ್ಲಿ ಕೇಳುವವರಿಲ್ಲ. ತೋರಿಸಿಯೇಬಿಡೋಣ ಎಂದು ಬಗ್ಗಿ ಟವಲಿನ ಕೆಳಗೆ ಕೈ ಹಾಕಿ ವಾಲ್ವನ್ನು ಒಂದು ಚೂರು ತಿರುಗಿಸಿದೆ. ಸುಸ್ಸ್ ಅಂತು.

ಯಜಮಾನರು ಎಗರಿ ಕೂಗಿದರು. "ಉಸಿರಿದೆ! ಇನ್ನೂ ಉಸಿರಿದೆ! ಎಲ್ಲೂ ನಿಲ್ಸಬೇಡ ಡ್ರೈವರಪ್ಪಾ, ಹೊಡಿ ದೊಡ್ಡಾಸ್ಪತ್ರೆಗೆ!"

ಇಳಿಯಬೇಕಾದವರೂ ಇಳಿಯಲಿಲ್ಲ. ಇಡೀ ಬಸ್ಸು ನಮ್ಮನ್ನು ಆಸ್ಪತ್ರೆಯ ಬಾಗಿಲಿಗೆ ತಂದು ಬಿಟ್ಟಿತು. ಸಿಲಿಂಡರನ್ನು ಇಳಿಸಲು ಕೈಕೊಟ್ಟ ಕಂಡಕ್ಟರು ಮಾತ್ರ ಭಾರಕ್ಕೆ ನರಳುತ್ತಾ ನನ್ನ ಕಿವಿಯಲ್ಲಿ ಹೇಳಿದ, "ಸಾಬ್ರೇ, ಬೇಜಾರು ಮಾಡ್ಕೋಬೇಡಿ. ಈ ಯಪ್ಪನಿಗೆ ಇನ್ಮೇಲೆ ಊಟ ಸ್ವಲ್ಪ ಕಮ್ಮಿ ಹಾಕಿ."

೫. ಬಾಣಂತಿ

ಬಳ್ಳಿ ಗಾಜಿನ ಉದ್ದಕ್ಕೂ ಹಬ್ಬಿ ಹೂ ಬಿಟ್ಟಿತು. ಹಳದಿ ಹಳದಿ ಹೂ. ಆದರೆ ಮುಚ್ಚಿದ ಕೋಣೆಗೆ ಜೇನು ಎಲ್ಲಿಂದ ಬರಬೇಕು? ಸೌತೆಯಲ್ಲಿ ಗಂಡು ಹೂವೇ ಬೇರೆ, ಹೆಣ್ಣು ಹೂವೇ ಬೇರೆ. ಹೆಣ್ಣು ಹೂವಿನ ಹಿಂದೆ ಬೆರಳ ತುದಿಯಷ್ಟು ಪುಟ್ಟ ಕಾಯಿ ಇರುತ್ತದೆ. ಗಂಡಿನ ಪುಡಿ ಹೆಣ್ಣಿಗೆ ತಾಕದಿದ್ದರೆ ಆ ಕಾಯಿ ಹಳದಿಯಾಗಿ ಉದುರಿಹೋಗುತ್ತದೆ. ಆಗಲೇ ಕೆಲವು ಉದುರಿದ್ದವು. ಅವು ಉದುರಿದ್ದನ್ನು ನೋಡಿದ ದಿನ ಟೀಚರಮ್ಮ ಊಟ ಮಾಡಲಿಲ್ಲ, ಮತ್ತೆ ಗೋಡೆಯ ಕಡೆ ತಿರುಗಿದರು ಎಂದು ಮೇಷ್ಟ್ರು ನನ್ನ ಹತ್ತಿರ ಹೇಳಿಕೊಂಡರು. "ಇಷ್ಟೆಲ್ಲ ಮಾಡಿದ್ದು ಇದಕ್ಕೇನಾ ಸಾಬ್ರೇ?"

ಮಾರನೆಯ ಬೆಳಿಗ್ಗೆ ನಾನು ಗ್ಯಾಸು ಬಂದ್ ಮಾಡಿ, ಬಾಗಿಲು ತೆರೆದು, ಗಾಳಿಯಾಡಿಸಿದೆ. ಮೇಷ್ಟ್ರು ಚಿತ್ರ ಬಿಡಿಸುವ ಬ್ರಷ್ಷು ಹಿಡಿದು ಜೇನಿನ ಕೆಲಸಕ್ಕೆ ತಾವೇ ಒಳಗೆ ಹೋದರು. ಒಳಗೆ ಸೆಕೆ. ಕಾಲಿಟ್ಟ ಕೂಡಲೇ ಕನ್ನಡಕಕ್ಕೆ ಮಂಜು ಕವಿಯಿತು. ಒರೆಸಿದರೆ ಮತ್ತೆ ಕವಿಯಿತು. ತೆಗೆದರೆ ಅವರಿಗೆ ಏನೂ ಕಾಣದು. ತಡಕಾಡುತ್ತಾ ಒಂದು ಹೂವಿನಿಂದ ಇನ್ನೊಂದಕ್ಕೆ ಬ್ರಷ್ಷು ಮುಟ್ಟಿಸತೊಡಗಿದರು.

ಗಾಜಿನ ಆಚೆ ಟೀಚರಮ್ಮ ಕುತ್ತಿಗೆ ಎತ್ತಿ ನೋಡಿದರು. ಆಮೇಲೆ ಮೊಣಕೈ ಊರಿದರು. ಆಮೇಲೆ ಎದ್ದು ಕೂತೇಬಿಟ್ಟರು.

"ರೀ, ಅದು ಗಂಡು!"

ನಾನು ಬೆಚ್ಚಿಬಿದ್ದೆ. ಸ್ಕೂಲಿನ ಕಾಂಪೌಂಡು ದಾಟಿ ಕೇಳುತ್ತಿದ್ದ ದನಿ ಅದು, ಗಾಜು ಅದಕ್ಕೆ ಯಾವ ಲೆಕ್ಕ.

"ಯಾವುದು?" ಅಂದರು ಮೇಷ್ಟ್ರು.

"ನೀವು ಹಿಡಿದಿರೋದು! ಇದೂ ಗಂಡು, ಅದೂ ಗಂಡು! ಅದರ ಮೇಲಿನದು ನೋಡಿ. ಹೆಣ್ಣು! ಹೆಣ್ಣು ರೀ, ಹೆಣ್ಣು!"

"ಸಿಕ್ತು, ಸಿಕ್ತು!"

"ಮೆಲ್ಲಗೆ! ನೋವು ಮಾಡಬೇಡಿ! ಹಾಂ... ಆಯ್ತು. ಇನ್ನೂ ಒಂದಿದೆ! ಅದೂ ಹೆಣ್ಣೇ! ಅಯ್ಯೋ, ಪಕ್ಕದಲ್ಲಿ ಇನ್ನೊಂದು!"

ಮೇಷ್ಟ್ರು ಆ ಇನ್ನೊಂದನ್ನು ಹುಡುಕುತ್ತಾ ಕೈ ಆಡಿಸುವಾಗ ಬಳ್ಳಿಯ ಕುಡಿಯೊಂದು ಅವರ ಅಂಗಿಯ ಗುಂಡಿಗೆ ಸಿಕ್ಕಿಕೊಂಡಿತು. ಜಗ್ಗಿದರೆ ಮುರಿಯುತ್ತಿತ್ತು. "ಅಲ್ಲಾಡಬೇಡಿ!" ಎಂದು ಕೂಗಿದ ಟೀಚರಮ್ಮ ಕಾಲು ಕೆಳಗಿಟ್ಟರು. ಮಂಚದ ಕಂಬಿ ಹಿಡಿದರು, ನಿಂತರು. ಗೋಡೆ ಹಿಡಿದುಕೊಂಡು ನಡುಮನೆಗೆ ಬಂದರು. ನಾನು ಬಾಗಿಲಲ್ಲಿ ಕಲ್ಲಾಗಿ ನಿಂತಿದ್ದೆ. ಕೈ ಕೊಡಬೇಕೆಂದು ತೋಚಲೂ ಇಲ್ಲ, ಮಾತಾಡಿದರೆ ಎಲ್ಲಿ ಬಿದ್ದುಬಿಡುತ್ತಾರೋ ಎಂಬ ಭಯ. ನನ್ನನ್ನು ದಾಟಿಕೊಂಡು ಒಳಗೆ ಹೋಗಿ, ಗುಂಡಿಯಿಂದ ಕುಡಿಯನ್ನು ಬಿಡಿಸಿ, ಮೇಷ್ಟ್ರ ಕೈಯಿಂದ ಬ್ರಷ್ಷು ತೆಗೆದುಕೊಂಡರು.

ಮೇಷ್ಟ್ರಿಗೆ ಎಲ್ಲ ಮಂಜು ಮಂಜು. "ಸಾಬ್ರೇ, ನೀವೇ ಮಾಡ್ತೀರಾ? ಒಳ್ಳೇದಾಯ್ತು" ಅಂದರು.

"ಸಾಬ್ರಲ್ಲ ರೀ. ನಾನು."

ಮೇಷ್ಟ್ರು ಕನ್ನಡಕ ತೆಗೆದರು. ಒರೆಸಿಕೊಂಡರು. ಹಾಕಿಕೊಂಡರು. ಮತ್ತೆ ತೆಗೆದರು. ಈ ಸಲ ಮಂಜಿದ್ದದ್ದು ಕನ್ನಡಕದಲ್ಲಲ್ಲ.

ಅಷ್ಟರಲ್ಲಿ ಮುಂಬಾಗಿಲು ದಡಾರನೆ ತೆರೆಯಿತು. ಪಕ್ಕದ ಮನೆಯ ಅಜ್ಜಿ. ಆ ಬೀದಿಯ ಅರ್ಧ ಮಕ್ಕಳನ್ನು ಹೆರಿಗೆ ಮಾಡಿಸಿದ ಕೈ ಅವರದು. ಈಗ ಕಣ್ಣು ಮಸುಕು. ಗೋಡೆಯ ಆಚೆಯಿಂದ ಕೂಗು ಕೇಳಿ, ಮದುವೆಯಾಗಿ ಬೇರೆ ಊರಿನಲ್ಲಿದ್ದ ಮೇಷ್ಟ್ರ ಮಗಳು ಹೆರಿಗೆಗೆ ತವರಿಗೆ ಬಂದಿದ್ದಾಳೆಂದು ತೀರ್ಮಾನಿಸಿ, ಒಂದು ಕೈಯಲ್ಲಿ ಬಿಸಿನೀರಿನ ತಪ್ಪಲೆ, ಹೆಗಲ ಮೇಲೆ ಹಳೆಯ ಮೆತ್ತನೆ ಸೀರೆ ಹಾಕಿಕೊಂಡು ಏದುಸಿರು ಬಿಡುತ್ತಾ ಬಂದಿದ್ದರು.

"ನನ್ನ ಕರೀಬಾರದಿತ್ತಾ? ಒಂದಲ್ಲ ಎರಡಲ್ಲ, ಮೂರು ಹೆಣ್ಣು! ಗಂಡಸರು ಸೇರ್ಕೊಂಡು ಮಾಡೋ ಕೆಲಸವೇನೋ ಇದು? ಎಲ್ಲಿ ಬಾಣಂತಿ?"

ಅಜ್ಜಿ ಕಣ್ಣು ಕಿರಿದು ಮಾಡಿ ಉಗ್ರಾಣದೊಳಗೆ ನೋಡಿದರು. ಬೆವರಿದ ಮುಖ, ಕೆದರಿದ ಕೂದಲು, ಗಂಡನ ಭುಜ ಹಿಡಿದು ನಿಂತ ಹೆಂಗಸು ಮಸುಕುಮಸುಕಾಗಿ ಕಂಡರು. ಅಜ್ಜಿಯ ಕೈಯಿಂದ ತಪ್ಪಲೆ ಬೀಳುವುದೊಂದು ಬಾಕಿ.

"ಹೆತ್ತ ಗಳಿಗೆಗೇ ಎದ್ದು ನಿಂತಿದೀಯಲ್ಲೇ ಮಾರಾಯ್ತಿ! ಸೊಂಟ ಏನಾಗಬೇಕು? ನಡಿ, ಮೊದಲು ಹೋಗಿ ಮಲ್ಕೋ!"

ಟೀಚರಮ್ಮ ನಕ್ಕರು. ನಕ್ಕು ನಕ್ಕು ಮೇಷ್ಟ್ರ ಮೇಲೆ ವಾಲಿದರು. ಮೇಷ್ಟ್ರು ಒಂದು ಕೈಯಲ್ಲಿ ಅವರನ್ನು ಬಿಗಿಯಾಗಿ ಹಿಡಿದುಕೊಂಡು, ಇನ್ನೊಂದು ಕೈಯನ್ನು ಅಜ್ಜಿಯ ಕಡೆ ಚಾಚಿ ಅಂಗಲಾಚಿದರು.

"ಅಜ್ಜೀ, ದಮ್ಮಯ್ಯ ಅಂತೀನಿ! ಹೆಣ್ಣು ಮೂರಲ್ಲ, ಮೂವತ್ತಾಗ್ಲಿ. ನೀವು ಅವಳಿಗೆ ಮಲ್ಕೋ ಅಂತ ಮಾತ್ರ ಅನ್ನಬೇಡಿ!"